ತಿಥಿ ಗೊತ್ತಿದ್ದ ಪ್ರೀತಿ

ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ನಮ್ಮ ಅಜ್ಜಿಯ ಕಾಲದವರು ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು’ ಎಂದೋ ‘ಪ್ಲೇಗು ಬಂದು ಊರು ಬಿಟ್ಟಿದ್ದೆವು’ ಎಂದೋ ಅಂದಾಜು ಹೇಳುತ್ತಿದ್ದರು. ಸತ್ತವರ ತಿಥಿ ಮಾತ್ರ ಮಾಸ, ಪಕ್ಷ ಸಮೇತ ನಾಲಿಗೆಯ ತುದಿಯಲ್ಲಿರುತ್ತಿತ್ತು. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದರೆ ಮೊದಲು ಹುಡುಕುತ್ತಿದ್ದದ್ದೂ ಅದನ್ನೇ, ಈ ಸಲ ಯಾವ ವಾರ ಬಂತು ಎಂದು. ತಿಥಿ ಅಂದರೆ ಸಾವಿನ ನಂತರ ಶುರುವಾಗುವ ಲೆಕ್ಕ. ಅದು ಮೊದಲೇ ಗೊತ್ತಿದ್ದರೆ? ಎದುರಿಗೆ ಕೂತು ಉಣ್ಣುತ್ತಿರುವ ಗಂಡ ಯಾವ ದಿನ, ಯಾವ ಬಯಲಿನಲ್ಲಿ ಬೀಳುತ್ತಾನೆ ಎಂಬುದು ಬಡಿಸುತ್ತಿರುವ ಹೆಂಡತಿಗೆ ಗೊತ್ತಿದ್ದರೆ?

ಅಮೆರಿಕದ ಲೇಖಕಿ ಡಯಾನಾ ಗ್ಯಾಬಲ್ಡನ್ ಬರೆದ ‘ಔಟ್‌ಲ್ಯಾಂಡರ್’ ಕಾದಂಬರಿ ಮಾಲೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮೊದಲ ಪುಸ್ತಕ ಬಂದದ್ದು 1991ರಲ್ಲಿ, ಒಂಬತ್ತನೆಯದು 2021ರಲ್ಲಿ. 2014ರಲ್ಲಿ ಕಿರುತೆರೆಗೂ ಬಂದು, ಪುಸ್ತಕ ಮುಟ್ಟದವರಿಗೂ ಕಥೆ ಗೊತ್ತಾಯಿತು. ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ಮೊದಲ ಪುಸ್ತಕಕ್ಕೆ ವರ್ಷದ ಅತ್ಯುತ್ತಮ ಪ್ರಣಯ ಕಾದಂಬರಿ ಎಂಬ ಪ್ರಶಸ್ತಿ ಕೊಟ್ಟಿತು. ಆ ಹಣೆಪಟ್ಟಿಯ ದೆಸೆಯಿಂದಲೇ ನಾನು ಬಹಳ ವರ್ಷ ಅದರ ಹತ್ತಿರ ಸುಳಿಯಲಿಲ್ಲ. ಕುದುರೆ, ಕತ್ತಿ, ಚೌಕಳಿ ಲಂಗ ಉಟ್ಟ ಕೆಂಗೂದಲಿನ ವೀರ, ಸಾಕಪ್ಪಾ ಎನ್ನಿಸುತ್ತಿತ್ತು. ಓದಿದ ಮೇಲೆ ತಿಳಿದದ್ದು ಬೇರೆ. ಅದರಲ್ಲಿ ಪ್ರಣಯ ಬೇಕಾದಷ್ಟಿದೆ, ಸಾಹಸವೂ ಇದೆ. ಆದರೆ ಆ ಎರಡಕ್ಕೂ ಅಡಿಯಲ್ಲಿ ಹರಿಯುವುದು ಸೂತಕ.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1945. ಎರಡನೇ ಮಹಾಯುದ್ಧದಲ್ಲಿ ದಾದಿಯಾಗಿದ್ದ ಕ್ಲೇರ್, ಇತಿಹಾಸದ ಮೇಷ್ಟ್ರಾದ ಗಂಡ ಫ್ರಾಂಕ್ ರಾಂಡಲ್ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬಂದಿದ್ದಾಳೆ. ಯುದ್ಧದ ವರ್ಷಗಳಲ್ಲಿ ದೂರವಿದ್ದು ಒಬ್ಬರಿಗೊಬ್ಬರು ಅಪರಿಚಿತರಾಗಿದ್ದಾರೆ; ಮತ್ತೆ ಸಂಸಾರ ಹೂಡಬೇಕು. ಊರಾಚೆಯ ದಿಬ್ಬದ ಮೇಲೆ ಪುರಾತನ ಕಲ್ಲುಗಳ ವೃತ್ತ. ಸೀಳಿದ ಕಲ್ಲೊಂದನ್ನು ಮುಟ್ಟಿದವಳು 1743ರಲ್ಲಿ ಬಿದ್ದಿರುತ್ತಾಳೆ. ಅಲ್ಲಿ ಮೊದಲು ಎದುರಾಗುವವನು ಗಂಡನದೇ ಮುಖ ಹೊತ್ತ ಇಂಗ್ಲಿಷ್ ಸೇನಾಧಿಕಾರಿ, ಫ್ರಾಂಕನ ಪೂರ್ವಿಕ ಜೊನಾಥನ್ ರಾಂಡಲ್. ಮುಖ ಒಂದೇ, ಮನುಷ್ಯ ಕ್ರೂರಿ. ಅವನ ಕೈಗೆ ಸಿಗದಂತೆ ಉಳಿಯಲು ಅವಳು ಸ್ಕಾಟಿಷ್ ಪ್ರಜೆಯಾಗಬೇಕು, ಅದಕ್ಕೆ ಮದುವೆಯೊಂದೇ ದಾರಿ. ಹಾಗೆ ಒಲ್ಲದ ಮನಸ್ಸಿನಿಂದ ಜೇಮಿ ಫ್ರೇಸರ್ ಎಂಬ ಹುಡುಗನನ್ನು ಮದುವೆಯಾಗುತ್ತಾಳೆ. ಪ್ರೀತಿ ಆಮೇಲೆ ಹುಟ್ಟುತ್ತದೆ, ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಆದಂತೆ. ಜೇಮಿ ಅವಳನ್ನು ಕರೆಯುವುದು ‘ಸ್ಯಾಸೆನಾಕ್’ ಎಂದು. ಗೇಲಿಕ್ ಭಾಷೆಯಲ್ಲಿ ಅದು ಇಂಗ್ಲಿಷರನ್ನು, ಹೊರಗಿನವರನ್ನು ಕರೆಯುವ ಹೆಸರು. ಕನ್ನಡದಲ್ಲಿ ಅದಕ್ಕೆ ‘ಪರದೇಶಿ’ ಎಂದರೆ ಅರ್ಥ ಇನ್ನೂ ತುಂಬಿಕೊಳ್ಳುತ್ತದೆ. ಬೇರೆ ದೇಶದವರು ಎಂಬ ಅರ್ಥದ ಜೊತೆಗೆ ಹಿಂದೆಮುಂದೆ ಯಾರೂ ಇಲ್ಲದವರು ಎಂಬ ಅರ್ಥವೂ ನಮ್ಮ ಮಾತಿಗಿದೆ. ಐದನೇ ವಯಸ್ಸಿಗೆ ತಂದೆತಾಯಿಯನ್ನು ಕಳೆದುಕೊಂಡು ಪುರಾತತ್ವಜ್ಞನಾದ ಚಿಕ್ಕಪ್ಪನ ಡೇರೆಗಳಲ್ಲಿ ಬೆಳೆದ ಕ್ಲೇರ್ ಎರಡೂ ಅರ್ಥದಲ್ಲಿ ಪರದೇಶಿ.

ಈಗ ತಿಥಿಯ ಮಾತಿಗೆ ಬರೋಣ. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಬಳಿಯ ಕಲ್ಲಾಡನ್ ಬಯಲಿನಲ್ಲಿ ಒಂದು ಯುದ್ಧವಾಗುತ್ತದೆ, ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಕುಲಗಳು ಅಲ್ಲಿ ಮಣ್ಣುಪಾಲಾಗುತ್ತವೆ ಎಂಬುದು ಕ್ಲೇರ್‌ಗೆ ಗೊತ್ತು. ಗಂಡ ಇತಿಹಾಸದವನಾದ್ದರಿಂದ ಅರ್ಧ ಕಿವಿಯಲ್ಲಿ ಕೇಳಿದ್ದೂ ನೆನಪಿದೆ. ಫ್ರಾಂಕ್ ಹುಡುಕಿಟ್ಟ ವಂಶಾವಳಿಯಿಂದಾಗಿ ಜೊನಾಥನ್ ರಾಂಡಲ್ ಸಾಯುವ ದಿನವೂ ಗೊತ್ತು. ಸೆರೆಮನೆಯೊಂದರಲ್ಲಿ ಅವನು ಜೇಮಿಯನ್ನು ಹಿಂಸಿಸಲು ಇಟ್ಟುಕೊಂಡಾಗ, ಬೇರೆ ಆಯುಧವಿಲ್ಲದ ಕ್ಲೇರ್ ಅವನಿಗೆ ಅವನ ಸಾವಿನ ದಿನ ತಿಳಿಸುತ್ತಾಳೆ. ಶಾಪವೆಂದರೆ ಇದೇ ಇರಬೇಕು, ಸುಳ್ಳಿನ ಸೋಂಕಿಲ್ಲದ ಬರೀ ಒಂದು ತಾರೀಖು. ಆದರೆ ಶತ್ರುವಿಗೆ ಶಾಪವಾದ ಆ ತಿಳಿವಳಿಕೆ ತನ್ನವರ ವಿಷಯಕ್ಕೆ ಬಂದಾಗ ಅವಳಿಗೇ ಶಾಪ.

ಐತಿಹಾಸಿಕ ಕಾದಂಬರಿಗಳಿಗೆ ಒಂದು ಹುಟ್ಟು ತೊಂದರೆಯಿದೆ. ಕೊನೆಗೆ ಏನಾಗುತ್ತದೆ ಎಂಬುದು ಓದುಗರಿಗೆ ಮೊದಲೇ ಗೊತ್ತು. ತ.ರಾ.ಸು. ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದೇ ಹೆಸರಿಟ್ಟರು. ಚಿತ್ರದುರ್ಗ ಬೀಳುತ್ತದೆ ಎಂಬುದನ್ನು ಮುಚ್ಚಿಡುವ ಆಟಕ್ಕೆ ಅವರು ಹೋಗಲಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಕೊಡಗು ಉಳಿದೀತೆಂಬ ಆಸೆಯಿಂದ ಯಾರೂ ಓದುವುದಿಲ್ಲ. ಮದಕರಿ ನಾಯಕ ಮುಂದಿನದನ್ನು ಅರಿಯದೆ ನಡೆಯುತ್ತಾನೆ, ನಾವು ಅರಿತು ಮರುಗುತ್ತೇವೆ. ಆ ಅಂತರದಲ್ಲಿಯೇ ಈ ಬಗೆಯ ಕಾದಂಬರಿಯ ನೋವು ಹುಟ್ಟುತ್ತದೆ. ಗ್ಯಾಬಲ್ಡನ್ ಮಾಡಿದ್ದಿಷ್ಟೇ: ಓದುಗರ ತಲೆಯಲ್ಲಿದ್ದ ತಿಳಿವಳಿಕೆಯನ್ನು ತೆಗೆದು ನಾಯಕಿಯ ತಲೆಗೆ ಹಾಕಿದರು. ನಾವು ಪುಸ್ತಕ ಮಡಚಿಟ್ಟು ಎದ್ದು ಹೋಗಬಹುದು. ಅವಳು ಅದನ್ನು ಹೊತ್ತುಕೊಂಡೇ ಗಂಡನ ಗಾಯಕ್ಕೆ ಪಟ್ಟಿ ಕಟ್ಟಬೇಕು, ಅವನ ಅಕ್ಕನ ಮಕ್ಕಳನ್ನು ಆಡಿಸಬೇಕು, ಆಲೂಗಡ್ಡೆ ಹಾಕಿಸಿ, ಬರಗಾಲ ಬರುತ್ತದೆ ಎಂದು ಹೇಳಬೇಕು.

ಇದೇನೂ ಯೋಜನೆ ಹಾಕಿ ಕಟ್ಟಿದ ತಂತ್ರವಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ಗ್ಯಾಬಲ್ಡನ್ ಅರಿಜೋನಾದವರು, 1952ರಲ್ಲಿ ಹುಟ್ಟಿದವರು, ಜೀವವಿಜ್ಞಾನ ಓದಿ ಪಿಎಚ್‌.ಡಿ. ಮಾಡಿ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದವರು. ಕಾದಂಬರಿ ಬರೆಯುವುದು ಹೇಗೆಂದು ಕಲಿಯಲು, ಯಾರಿಗೂ ತೋರಿಸದೆ, 1988ರಲ್ಲಿ ಬರೆಯತೊಡಗಿದರು. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿ.ವಿ. ಧಾರಾವಾಹಿಯ ಹಳೆಯ ಕಂತೊಂದರಲ್ಲಿ ಚೌಕಳಿ ಲಂಗ ತೊಟ್ಟ ಜೇಮಿ ಎಂಬ ಹುಡುಗನನ್ನು ಕಂಡಿದ್ದರು. ಮಾರನೆಯ ದಿನ ಚರ್ಚಿನಲ್ಲಿ ಕೂತಾಗಲೂ ಅವನೇ ನೆನಪಾದ. ಸರಿ, ಕಥೆ ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನಲ್ಲೇ ನಡೆಯಲಿ ಎಂದುಕೊಂಡರು. ಆಗ ಅವರು ಸ್ಕಾಟ್ಲೆಂಡನ್ನು ಕಣ್ಣಾರೆ ಕಂಡಿರಲಿಲ್ಲ, ಗ್ರಂಥಾಲಯವೇ ಸ್ಕಾಟ್ಲೆಂಡ್. ಗಂಡಸರೇ ತುಂಬಿದ್ದ ಒಂದು ಮನೆಯೊಳಕ್ಕೆ ಇಂಗ್ಲಿಷ್ ಹೆಂಗಸೊಬ್ಬಳನ್ನು ಕಳಿಸಿದರೆ, ಅವಳು ಆ ಕಾಲದವಳಂತೆ ಮಾತಾಡಲು ಒಪ್ಪಲೇ ಇಲ್ಲವಂತೆ. ಕೊಂಕು ಮಾತು, ಇವತ್ತಿನವರ ಧಾಟಿ. ಎಷ್ಟು ತಿದ್ದಿದರೂ ಬಗ್ಗಲಿಲ್ಲ. ಹಾಗಾದರೆ ಇವಳು ಈ ಕಾಲದವಳೇ ಇರಲಿ, ಅಲ್ಲಿಗೆ ಹೇಗೆ ಹೋದಳೆಂಬುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟುಕೊಟ್ಟರು. ಕಾಲಯಾನ ಈ ಕಾದಂಬರಿಗೆ ಬಂದದ್ದು ಒಬ್ಬಳ ಬಾಯಿ ಮುಚ್ಚಿಸಲಾಗದೆ.

ಜೇಮಿಗೆ ಮನೆತನದ ಹೆಸರು ಸಿಕ್ಕಿದ್ದು ಇನ್ನೊಂದು ಕಡೆ. ಎರಿಕ್ ಲಿಂಕ್ಲೇಟರ್ ಎಂಬ ಸ್ಕಾಟಿಷ್ ಲೇಖಕ 1965ರಲ್ಲಿ ಬರೆದ ‘ದಿ ಪ್ರಿನ್ಸ್ ಇನ್ ದಿ ಹೆದರ್’ ಪುಸ್ತಕದಲ್ಲಿ, ಕಲ್ಲಾಡನ್ ಯುದ್ಧದ ನಂತರ ಗಾಯಗೊಂಡ ಅಧಿಕಾರಿಗಳು ಒಂದು ಮನೆಯಲ್ಲಿ ಅಡಗಿದ್ದ ಪ್ರಸಂಗ ಬರುತ್ತದೆ. ಎರಡು ದಿನ ಆರೈಕೆಯಿಲ್ಲದೆ ಬಿದ್ದಿದ್ದ ಅವರನ್ನು ಹೊರಗೆಳೆದು ಗುಂಡಿಟ್ಟರು. ಒಬ್ಬನೇ ಒಬ್ಬ ತಪ್ಪಿಸಿಕೊಂಡ, ಅವನು ಫ್ರೇಸರ್. ತನ್ನ ನಾಯಕ ಕಲ್ಲಾಡನ್ನಿನಲ್ಲಿ ಉಳಿದುಕೊಳ್ಳಬೇಕಾದರೆ ಅವನ ಹೆಸರು ಫ್ರೇಸರ್ ಆಗಿರಲಿ ಎಂದು ಗ್ಯಾಬಲ್ಡನ್ ತೀರ್ಮಾನಿಸಿದರು. ಸಾವಿರಾರು ಪುಟಗಳ ಈ ಪ್ರೇಮಕಥೆಯ ಬೇರು, ಹಾಗೆ ನೋಡಿದರೆ, ಸತ್ತವರ ಪಟ್ಟಿಯಲ್ಲಿ ಇರದ ಒಂದು ಹೆಸರು.

ಆ ಯುದ್ಧದ ಬಗ್ಗೆ ತುಸು ಹೇಳಲೇಬೇಕು. ಬ್ರಿಟನ್ನಿನ ಸಿಂಹಾಸನದಿಂದ 1688ರಲ್ಲಿ ಇಳಿಸಲ್ಪಟ್ಟ ಸ್ಟುವರ್ಟ್ ಮನೆತನದ ದೊರೆ ಜೇಮ್ಸ್‌ನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ಇಳಿದು ದಂಗೆ ಎಬ್ಬಿಸಿದ. ಅವನ ಕಡೆಯವರನ್ನು ಜಾಕೊಬೈಟರು ಎನ್ನುತ್ತಾರೆ. ಮೊದಮೊದಲು ಗೆದ್ದರು, ಲಂಡನ್ನಿನ ಕಡೆಗೆ ಡರ್ಬಿಯವರೆಗೂ ಹೋದರು, ಅಲ್ಲಿಂದ ಹಿಂದಿರುಗಿದರು. ಎದುರಾಳಿ ದೊರೆ ಎರಡನೇ ಜಾರ್ಜ್‌ನ ಮಗ ಕಂಬರ್‌ಲ್ಯಾಂಡ್. ಏಪ್ರಿಲ್ 15 ಅವನ ಹುಟ್ಟುಹಬ್ಬ; ಅವನ ಸೈನಿಕರು ಕುಡಿದು ಮಲಗಿರುತ್ತಾರೆಂದು ಜಾಕೊಬೈಟರು ರಾತ್ರಿ ದಾಳಿಗೆ ಹೊರಟು, ಕತ್ತಲಲ್ಲಿ ದಾರಿ ಸಾಗದೆ, ಬೆಳಗಿನ ಜಾವ ಬರಿಗೈಲಿ ಮರಳಿದರು. ಹೊಟ್ಟೆಗಿಲ್ಲ, ನಿದ್ದೆಯಿಲ್ಲ. ಆ ಸ್ಥಿತಿಯಲ್ಲಿ ಕೆಸರು ಬಯಲಿನಲ್ಲಿ, ಮುಖಕ್ಕೆ ರಾಚುವ ಆಲಿಕಲ್ಲು ಮಳೆಯಲ್ಲಿ, ಫಿರಂಗಿಗಳ ಬಾಯಿಗೆ ಓಡಿದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಜಾಕೊಬೈಟರಲ್ಲಿ 1,500ರಿಂದ 2,000 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳನ್ನೂ ಬಿಡದೆ ಕೊಂದದ್ದರಿಂದ ಕಂಬರ್‌ಲ್ಯಾಂಡನಿಗೆ ‘ಕಟುಕ’ ಎಂಬ ಹೆಸರು ಅಂಟಿತು. ಅವನಿಗೂ ಚಾರ್ಲ್ಸ್‌ಗೂ ಆಗ ಇಪ್ಪತ್ತೈದೇ ವರ್ಷ. ಕಾದಂಬರಿಯ ಜೇಮಿಗೂ ಇಪ್ಪತ್ತೈದು ತುಂಬಲು ಎರಡು ವಾರವಿತ್ತು. ಸ್ಕಾಟರಿಗೂ ಇಂಗ್ಲಿಷರಿಗೂ ನಡೆದ ಕಾಳಗ ಎಂದು ಇದನ್ನು ಸರಳ ಮಾಡುವವರುಂಟು. ಸರ್ಕಾರದ ಪಡೆಯಲ್ಲೂ ಸ್ಕಾಟರಿದ್ದರು, ಅಣ್ಣತಮ್ಮಂದಿರು ಎದುರುಬದುರು ನಿಂತ ಮನೆಗಳಿದ್ದವು.

ಕ್ಲೇರ್ ಸುಮ್ಮನೆ ಕೂರುವುದಿಲ್ಲ. ಎರಡನೆಯ ಪುಸ್ತಕದಲ್ಲಿ ಅವಳೂ ಜೇಮಿಯೂ ಪ್ಯಾರಿಸ್ಸಿಗೆ ಹೋಗಿ, ಚಾರ್ಲ್ಸ್‌ಗೆ ಸಾಲ ಹುಟ್ಟದಂತೆ ಮಾಡಿ ದಂಗೆಯನ್ನೇ ತಡೆಯಲು ನೋಡುತ್ತಾರೆ. ರಾಜರ ದರ್ಬಾರು, ದ್ರಾಕ್ಷಾರಸದ ವ್ಯಾಪಾರ, ಗೂಢಚಾರಿಕೆ ಎಲ್ಲ ನಡೆಯುತ್ತದೆ, ಇತಿಹಾಸ ಒಂದಿಂಚೂ ಕದಲುವುದಿಲ್ಲ. ಆ ಸಾಹಸದ ಗದ್ದಲದ ನಡುವೆ ಅವಳ ಮೊದಲ ಹೆಣ್ಣುಮಗು ಸತ್ತೇ ಹುಟ್ಟುತ್ತದೆ. ಅವಳಿಗೆ ಗೊತ್ತಿರದ ಸಾವು ಅದೊಂದೇ. ಸಾಮ್ರಾಜ್ಯಗಳ ತಾರೀಖು ಬಾಯಿಪಾಠ ಇದ್ದವಳಿಗೆ ತನ್ನ ಹೊಟ್ಟೆಯಲ್ಲಿದ್ದ ಕೂಸಿನದು ತಿಳಿದಿರಲಿಲ್ಲ, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲವಲ್ಲ. ಇಡೀ ಮಾಲೆಯಲ್ಲಿ ಲೇಖಕಿ ಅಬ್ಬರ ಬಿಟ್ಟು ತಗ್ಗಿದ ದನಿಯಲ್ಲಿ ಬರೆದ ಪುಟಗಳಲ್ಲಿ ಅವು ಸೇರುತ್ತವೆ.

ಕಾಲಯಾನದ ಕಟ್ಟಳೆಯನ್ನೂ ಗಮನಿಸಬೇಕು. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರ ಕಟ್ಟಿಕೊಟ್ಟ ಮೇಲೆ ಕಥೆಗಾರರು ಕಾಲವನ್ನು ಬೇಕಾದ ನಿಲ್ದಾಣದಲ್ಲಿ ಹತ್ತಿ ಇಳಿಯುವ ರೈಲು ಮಾಡಿಕೊಂಡರು. ಹೋಗಿ ನೂರು ವರ್ಷ ಸುತ್ತಿ ಅದೇ ಸಂಜೆಯ ಊಟಕ್ಕೆ ಮರಳಬಹುದು. ನಮ್ಮ ಪುರಾಣದಲ್ಲಿ ಇದರ ತಿರುಗುಮುರುಗು ಇದೆ. ಮಗಳು ರೇವತಿಗೆ ವರ ಯಾರೆಂದು ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋಗಿ, ಸಂಗೀತ ಮುಗಿಯುವವರೆಗೆ ಒಂದು ಗಳಿಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಉರುಳಿ, ಅವನ ಮನಸ್ಸಿನಲ್ಲಿದ್ದ ವರಗಳೆಲ್ಲ ಹೆಸರಿಲ್ಲದೆ ಹೋಗಿದ್ದರು. ಭಾಗವತದಲ್ಲಿ ಅದಕ್ಕೆ ಅಪ್ಪ ಅತ್ತ ಸುದ್ದಿಯಿಲ್ಲ. ಬಲರಾಮನಿಗೆ ಮಗಳನ್ನು ಕೊಟ್ಟು ತಪಸ್ಸಿಗೆ ನಡೆದ. ಗ್ಯಾಬಲ್ಡನ್ ಕಟ್ಟಳೆ ಇವೆರಡಕ್ಕಿಂತ ಕಠಿಣ. ಕಲ್ಲಿನ ಆಚೆ ಮೂರು ವರ್ಷ ಕಳೆದರೆ ಈಚೆಗೂ ಮೂರು ವರ್ಷ. ಎರಡು ಕಾಲದ ನಡುವೆ ಸುಮಾರು ಇನ್ನೂರು ವರ್ಷದ ಅಂತರ, ಆ ಅಂತರ ಹೆಚ್ಚೂ ಆಗದು, ಕಡಿಮೆಯೂ ಆಗದು. ಹಾಗಾಗಿ ಯಾರಿಗೂ ರಿಯಾಯಿತಿಯಿಲ್ಲ. ಬಿಟ್ಟುಹೋದವರೂ ಬಿಡಲ್ಪಟ್ಟವರೂ ಒಂದೇ ವೇಗದಲ್ಲಿ ಮುಪ್ಪಾಗುತ್ತಾರೆ.

ಕಲ್ಲಾಡನ್ ಯುದ್ಧದ ದಿನ ಜೇಮಿ, ಮತ್ತೆ ಬಸುರಿಯಾದ ಹೆಂಡತಿಯನ್ನು ಕಲ್ಲುಗಳ ಬಳಿ ಕರೆತಂದು ಅವಳ ಕಾಲಕ್ಕೆ ಕಳಿಸಿ ತಾನು ಸಾಯಲು ಹೋಗುತ್ತಾನೆ. ಅವಳು 1948ರಲ್ಲಿ ಕಣ್ಣು ಬಿಡುತ್ತಾಳೆ. ಈಗ ಫ್ರಾಂಕನನ್ನು ನೋಡಿ. ಓದುಗರು ಅವನನ್ನು ಸುಲಭವಾಗಿ ಮರೆಯುತ್ತಾರೆ, ನನಗೆ ಅವನೇ ಹೆಚ್ಚು ಕಾಡಿದವನು. ಕಾಣೆಯಾದವರ ಮನೆಯಲ್ಲಿ ಸೂತಕವೂ ಹಿಡಿಯದು, ಹಬ್ಬವೂ ನಡೆಯದು. ನಮ್ಮಲ್ಲಿ ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಆಕೃತಿ ಮಾಡಿ ದಹಿಸುವ ಪದ್ಧತಿ ಇತ್ತು. ನಮ್ಮ ಕಾನೂನು ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತಂತೆ ಭಾವಿಸುತ್ತದೆ. ಮೂರು ವರ್ಷ ಹುಡುಕಿದ ಫ್ರಾಂಕ್‌ಗೆ ಹೆಂಡತಿ ಸಿಕ್ಕಳು, ಇನ್ನೊಬ್ಬನ ಮಗು ಹೊತ್ತು, ಯಾರೂ ನಂಬದ ಕಥೆಯೊಂದಿಗೆ. ಅವನು ಆ ಮಗುವನ್ನು, ಬ್ರಿಯಾನಾಳನ್ನು, ತನ್ನದೇ ಎಂದು ಬೋಸ್ಟನ್ನಿನಲ್ಲಿ ಬೆಳೆಸಿದ. ಕ್ಲೇರ್ ಎರಡೂ ಮದುವೆಯ ಉಂಗುರಗಳನ್ನು ತೆಗೆಯಲಿಲ್ಲ. ಒಂದು ಕೈಯಲ್ಲಿ ಫ್ರಾಂಕ್ ಕೊಟ್ಟ ಚಿನ್ನ, ಇನ್ನೊಂದರಲ್ಲಿ ಜೇಮಿ ಕೊಟ್ಟ ಬೆಳ್ಳಿ. ಮುತ್ತೈದೆ ಎನ್ನಬೇಕೋ ವಿಧವೆ ಎನ್ನಬೇಕೋ! ಅವಳು ಓದಿ ಶಸ್ತ್ರವೈದ್ಯೆಯಾದಳು. ಫ್ರಾಂಕ್ ಕಾರು ಅಪಘಾತದಲ್ಲಿ ತೀರಿಕೊಂಡ.

1968ರಲ್ಲಿ ಅವಳು ಬೆಳೆದ ಮಗಳನ್ನು ಕರೆದುಕೊಂಡು ಇನ್ವರ್ನೆಸ್‌ಗೆ ಬರುತ್ತಾಳೆ. ಹೆತ್ತ ಅಪ್ಪ ಜೇಮಿಯ ಸಮಾಧಿ ತೋರಿಸುವುದೂ ಸತ್ಯ ಹೇಳುವುದೂ ಒಟ್ಟಿಗೇ ಆಗುತ್ತದೆ. ಅಲ್ಲಿಯೇ ರೋಜರ್ ಎಂಬ ತರುಣ ಇತಿಹಾಸಕಾರನಿಂದ, ಜೇಮಿ ಆ ಬಯಲಿನಲ್ಲಿ ಸಾಯಲಿಲ್ಲ ಎಂಬ ಸುಳಿವು ಸಿಗುತ್ತದೆ. ಮುಂದೆ ಮೂರನೆಯ ಪುಸ್ತಕದ ಆರಂಭವೆಲ್ಲ ಹುಡುಕಾಟ: ಸೆರೆಮನೆಯ ದಾಖಲೆ, ಸೈನ್ಯದ ಪಟ್ಟಿ, ಹಳೆಯ ಪತ್ರಗಳು. ಕತ್ತಿ ಹಿರಿಯುವ ದೃಶ್ಯಗಳಿಗಿಂತ ಧೂಳು ಕೊಡವಿ ಕಾಗದ ತಿರುವುವ ಈ ಪುಟಗಳು ನನಗೆ ರೋಚಕ. ಸತ್ತವರ ಹಳೆಯ ಟ್ರಂಕು ತೆಗೆದು ರಸೀದಿ, ಕಾಗದ, ಕನ್ನಡಕದ ಡಬ್ಬಿ ಒಂದೊಂದೇ ನೋಡಿದವರಿಗೆ ಇದರ ಸುಖಸಂಕಟ ಗೊತ್ತಿರುತ್ತದೆ. ಕೊನೆಗೆ ಎಡಿನ್‌ಬರೋದ ಅಚ್ಚುಮನೆಯೊಂದರ ಜಾಡು ಹತ್ತುತ್ತದೆ. ಇಪ್ಪತ್ತು ವರ್ಷ ಎರಡೂ ಕಡೆ ಸಮನಾಗಿ ಕಳೆದಿರುವುದರಿಂದ ಅವನು ಅಲ್ಲಿ 1766ರಲ್ಲಿ ಬದುಕಿದ್ದಾನೆ. ಕ್ಲೇರ್ ಪೆನಿಸಿಲಿನ್ ಮತ್ತು ಮಗಳ ಫೋಟೊಗಳನ್ನು ಕಟ್ಟಿಕೊಂಡು ಹೊರಡುತ್ತಾಳೆ. ಎದುರಿಗೆ ಬಂದು ನಿಂತ ಹೆಂಡತಿಯನ್ನು ನೋಡಿ ಆರಡಿ ಮೀರಿದ ಆ ವೀರ ಮೂರ್ಛೆ ಹೋಗುತ್ತಾನೆ. ಆಮೇಲೆ ಕೂತು, ತಾನು ಒಮ್ಮೆಯೂ ಕಾಣದ ಮಗಳನ್ನು ಬಣ್ಣದ ಕಾಗದಗಳಲ್ಲಿ ನೋಡುತ್ತಾನೆ.

ಕುಂದುಗಳೂ ಕಡಿಮೆಯಿಲ್ಲ. ಪುಸ್ತಕಗಳು ಇಟ್ಟಿಗೆ ಗಾತ್ರ, ಕತ್ತರಿ ಆಡಿಸುವವರು ಇರಲಿಲ್ಲವೇ ಎನ್ನಿಸುತ್ತದೆ. ಲೈಂಗಿಕ ಹಿಂಸೆಯನ್ನು ಕಥೆ ಮುಂದೂಡುವ ಚಕ್ರವಾಗಿ ಮತ್ತೆ ಮತ್ತೆ ಬಳಸಿದ್ದಾರೆ. ಜೇಮಿ ಬೆಲ್ಟಿನಿಂದ ಹೆಂಡತಿಯನ್ನು ಹೊಡೆಯುವ ಪ್ರಸಂಗವನ್ನು ‘ಆ ಕಾಲ ಹಾಗಿತ್ತು’ ಎಂದು ದಾಟಿಸಿಬಿಡುವುದು ಸಾಲದು. ಕ್ಲೇರ್‌ಳನ್ನು ಮಾಟಗಾತಿಯೆಂದು ವಿಚಾರಣೆಗೆ ನಿಲ್ಲಿಸುತ್ತಾರೆ. ಆದರೆ ಮಾಟಗಾತಿಯರನ್ನು ಕೊಲ್ಲಿಸುತ್ತಿದ್ದ ಕಾಯಿದೆಯನ್ನು ಬ್ರಿಟನ್ನಿನ ಸಂಸತ್ತು 1736ಕ್ಕೇ ಕೈಬಿಟ್ಟಿತ್ತು. ಇನ್ನೊಂದು ಮಾತು: ಹಿಂದಿನ ಕಾಲಕ್ಕೆ ಹೋಗಿ ಪ್ರೀತಿಸುವ ಭಾಗ್ಯ ಎಲ್ಲರಿಗೂ ಇಲ್ಲ. ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ ‘ಕಿಂಡ್ರೆಡ್’ನಲ್ಲಿ ಕಪ್ಪು ಹೆಣ್ಣೊಬ್ಬಳು ಹೀಗೆಯೇ ಹಿಂದಕ್ಕೆ ಸೆಳೆಯಲ್ಪಡುತ್ತಾಳೆ, ಬೀಳುವುದು ಗುಲಾಮರ ತೋಟದಲ್ಲಿ. ‘ಔಟ್‌ಲ್ಯಾಂಡರ್’ ಓದಿದವರು ಅದನ್ನೂ ಓದಬೇಕು.

ಕಲ್ಲಾಡನ್ನಿನ ಎಳೆಯೊಂದು ನಮ್ಮ ಮನೆಬಾಗಿಲಿಗೂ ಬಂದು ಮುಟ್ಟಿದೆ. ಯುದ್ಧದ ಹಿಂದಿನ ದಿನ ಸರ್ಕಾರದ ಕಡೆಯವರಿಗೆ ಸೆರೆಸಿಕ್ಕ ಜಾಕೊಬೈಟರಲ್ಲಿ ಜಾನ್ ಮೆಕೆಂಜಿ, ಲಾರ್ಡ್ ಮ್ಯಾಕ್ಲಾಯ್ಡ್, ಎಂಬ ಹುಡುಗನಿದ್ದ. ಕ್ಷಮೆ ಸಿಕ್ಕಿತು, ಆಸ್ತಿ ಹೋಯಿತು. ಸ್ವೀಡನ್ನಿನ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದು, ಹಿಂದಿರುಗಿ, ಒಮ್ಮೆ ತಾನು ಎದುರಿಸಿದ ಅದೇ ಮನೆತನದ ದೊರೆಗಾಗಿ 1777ರಲ್ಲಿ ಬೆಟ್ಟಸೀಮೆಯವರ ರೆಜಿಮೆಂಟು ಕಟ್ಟಿದ. ಕಲ್ಲಾಡನ್ ನಂತರ ಅವರ ಚೌಕಳಿ ಉಡುಪಿಗೆ ನಿಷೇಧ ಬಿದ್ದು 1782ರವರೆಗೂ ಊರಲ್ಲಿ ಉಡುವಂತಿರಲಿಲ್ಲ. ಸೈನ್ಯಕ್ಕೆ ಸೇರಿದರೆ ಮಾತ್ರ ಅಡ್ಡಿಯಿಲ್ಲ. ಆ ರೆಜಿಮೆಂಟು 1780ರಲ್ಲಿ ಮದ್ರಾಸಿಗೆ ಬಂತು. ಅದೇ ವರ್ಷ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಬಗ್ಗುಬಡಿದಾಗ ಆ ರೆಜಿಮೆಂಟಿನ ತುಕಡಿಗಳೂ ಅಲ್ಲಿದ್ದವು. ಸೆರೆಸಿಕ್ಕ ಅದರ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಬಂದಿಯಾಗಿದ್ದು, 1799ರಲ್ಲಿ ಅದೇ ಕೋಟೆಯ ಮೇಲಿನ ದಾಳಿಗೆ ಮುಂದಾಳಾದ. ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರಿನ ಚಿತ್ರವಿದೆ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಬೇಲಿಯ ಪಲ್ಲಕ್ಕಿ ಹುಡುಕಿ ನಕ್ಕವರು. ಅವನ ಸುತ್ತ ಬೀಳುತ್ತಿರುವವರಲ್ಲಿ ಕಲ್ಲಾಡನ್ನಿನಿಂದ ಉಳಿದು ಬಂದ ಮನೆಗಳ ಮಕ್ಕಳೂ ಇದ್ದಾರೆಂದು ಆಗ ಯಾರು ಹೇಳಬೇಕು?

ಕಲ್ಲಾಡನ್ ಬಯಲು ಈಗ ರಾಷ್ಟ್ರೀಯ ಸ್ಮಾರಕ. ಸತ್ತವರನ್ನು ಗುಡ್ಡೆಗುಡ್ಡೆಯಾಗಿ ಹೂತ ಜಾಗಗಳಲ್ಲಿ ಒಂದೊಂದು ಕುಲದ ಹೆಸರು ಕೆತ್ತಿದ ಒರಟು ಕಲ್ಲುಗಳನ್ನು 1881ರಲ್ಲಿ ನೆಟ್ಟರು. ಕಾದಂಬರಿ ಓದಿ, ಧಾರಾವಾಹಿ ನೋಡಿ ಬರುವವರು ನೇರ ಫ್ರೇಸರ್ ಕಲ್ಲಿಗೆ ನಡೆಯುತ್ತಾರೆ, ಹೂವಿಡುತ್ತಾರೆ, ಅಳುತ್ತಾರೆ. ಅವರ ತುಳಿತಕ್ಕೆ ಸುತ್ತಲ ಹುಲ್ಲು ಸವೆದುಹೋಗಿ ಅಡ್ಡ ಕಟ್ಟಬೇಕಾಯಿತು. ಇಲ್ಲದ ಮನುಷ್ಯನಿಗಾಗಿ, ಅದೂ ಕಾದಂಬರಿಯಲ್ಲಿ ಅಲ್ಲಿ ಸಾಯದೇ ಉಳಿದವನಿಗಾಗಿ, ನಿಜವಾಗಿ ಸತ್ತವರ ನೆತ್ತಿಯ ಮೇಲೆ ನಿಂತು ಅಳುವುದು! ಇದನ್ನು ಬೈಯುವವರಿದ್ದಾರೆ. ನನಗೆ ಬೈಯಲು ಬಾಯಿ ಬರುವುದಿಲ್ಲ. ಆ ಮಣ್ಣಿನಡಿ ಇರುವವರ ಒಂದೊಂದು ಹೆಸರೂ ಯಾರಿಗೂ ತಿಳಿಯದು, ಅವರ ಪಾಲಿಗೆ ಹೂವಿಡುವ ಮೊಮ್ಮಕ್ಕಳೂ ಉಳಿದಿಲ್ಲ.

ಮೊದಲ ಕಾದಂಬರಿಯ ಆರಂಭದಲ್ಲೇ ಒಂದು ಪುಟ್ಟ ಪ್ರಸಂಗವಿದೆ. 1945ರ ಇನ್ವರ್ನೆಸ್, ರಾತ್ರಿ, ಮಳೆ. ಕ್ಲೇರ್ ಕಿಟಕಿಯ ಬಳಿ ತಲೆ ಬಾಚುತ್ತಿದ್ದಾಳೆ, ಕೂದಲು ಬಗ್ಗುತ್ತಿಲ್ಲ. ಹೊರಗಿನಿಂದ ಬಂದ ಫ್ರಾಂಕ್, ಚೌಕಳಿ ಹೊದ್ದ ಯಾರೋ ಬೀದಿಯಲ್ಲಿ ನಿಂತು ನಿನ್ನನ್ನೇ ನೋಡುತ್ತಿದ್ದ, ಮಾತಾಡಿಸಹೋದರೆ ಕಾಣದಾದ ಎನ್ನುತ್ತಾನೆ. ಅದು ಜೇಮಿಯ ದೆವ್ವ ಎಂದಷ್ಟೇ ಲೇಖಕಿ ಹೇಳಿದ್ದಾರೆ. ಅವನು ಅಲ್ಲಿಗೆ ಬಂದದ್ದು ಹೇಗೆಂಬುದು ಕೊನೆಯ ಪುಸ್ತಕದಲ್ಲಿ ತಿಳಿಯುತ್ತದಂತೆ. ಕಥೆ ಶುರುವಾಗುವ ಮುಂಚೆ, ಅವಳಿಗೆ ಅವನ ಹೆಸರೂ ಗೊತ್ತಿಲ್ಲದ ಹೊತ್ತಿನಲ್ಲಿ, ಸತ್ತವನು ಮಳೆಯಲ್ಲಿ ನಿಂತು ಅವಳು ತಲೆ ಬಾಚುವುದನ್ನು ನೋಡುತ್ತಿದ್ದಾನೆ.